ಎರಡನೇ ವರ್ಷದ ಕುಂಗ್ ಫೂ: ಕೈ ಕಟ್ಟಿ, ಕಾಲು ಬಿಚ್ಚಿ

ಐದು ಸ್ಟ್ಯಾನ್ಸ್ ಕಲಿತಾಯಿತು. ಮಾಬು, ಗೊಂಗ್‌ಬು, ಪುಬು, ಶೂಬು, ಶಿಯೆಬು ಅಂತ ನಿದ್ದೆಗಣ್ಣಲ್ಲೂ ಹೇಳುತ್ತೀರಿ. ಅವನ್ನೆಲ್ಲ ಪೋಣಿಸಿದ ವುಬುಚುವಾನ್ ಎಂಬ ಪುಟ್ಟ ಫಾರ್ಮ್ ಬಾಯಿಪಾಠ, ಅಲ್ಲಲ್ಲ, ಮೈಪಾಠ. ಕ್ಲಾಸಿನಲ್ಲಿ ಹಿಂದಿನ ಸಾಲಿನಿಂದ ಮುಂದಿನ ಸಾಲಿಗೆ ಬಂದಿದ್ದೀರಿ. ಅಷ್ಟರಲ್ಲಿ ಮೇಷ್ಟ್ರು ಲಿಯನ್‌ಬುಚುವಾನ್ ಶುರು ಮಾಡಿದರು. ಮೊದಲ ತಿರುವಿನಲ್ಲೇ ಕಾಲಿಗೆ ಕಾಲು ತೊಡರಿತು. "ಇದು ನನಗೆ ಒಗ್ಗೋದಿಲ್ಲ" ಎಂಬ ಮಾತು ನಾಲಿಗೆಯ ತುದಿಗೆ ಬಂದಿದೆ. ನುಂಗಿಬಿಡಿ. ಒಗ್ಗದಿರುವಂಥದ್ದು ಏನೂ ಆಗಿಲ್ಲ, ಕೆಲಸ ಬದಲಾಗಿದೆ ಅಷ್ಟೆ. ಇಷ್ಟು ದಿನ ನಿಲ್ಲುವುದನ್ನು ಕಲಿತಿರಿ. ಇನ್ನು ನಡೆಯುವುದನ್ನು ಕಲಿಯಬೇಕು.

ಚೀನಾದ ಹಳೇ ಗುರುಗಳಲ್ಲಿ ಒಂದು ಕಿಲಾಡಿ ಗಾದೆಯಿದೆ. ಶಿಷ್ಯನಿಗೆ ಮುಷ್ಟಿ ಕಲಿಸು, ಹೆಜ್ಜೆ ಕಲಿಸಬೇಡ. ಹೆಜ್ಜೆ ಕಲಿಸಿದರೆ ನಾಳೆ ನಿನಗೇ ಬಾರಿಸುತ್ತಾನೆ ಅಂತ. ತಿಜೋರಿಯ ಕೀಲಿ ಪಾದದಲ್ಲಿದೆ ಎಂದು ಇದರರ್ಥ. ಇವತ್ತಿನ ಮೇಷ್ಟ್ರುಗಳು ಏನನ್ನೂ ಮುಚ್ಚಿಡುವುದಿಲ್ಲ. ನಾವೇ ಅವರ ಕೈಯನ್ನು ನೋಡುತ್ತ ಕಾಲನ್ನು ಬಿಟ್ಟುಬಿಡುತ್ತೇವೆ.

ಮುಂದಿನ ಸೂತ್ರಗಳು ಉತ್ತರ ಚೀನಾದ ಚಾಂಗ್‌ಚುವಾನ್, ಅಂದರೆ ಲಾಂಗ್ ಫಿಸ್ಟ್ ಕಲಿಯುವವರಿಗೆ. ಬೇರೆ ಶೈಲಿಯವರೂ ಓದಬಹುದು. ಕಾಲು ಎಲ್ಲರಿಗೂ ಎರಡೇ.

1. ಒಂದು ಫಾರ್ಮ್ ಹಿಡಿಯಿರಿ. ಆರು ತಿಂಗಳು ಬಿಡಬೇಡಿ.

ಎಷ್ಟು ಫಾರ್ಮ್ ಬರುತ್ತದೆ ಎಂದು ಲೆಕ್ಕ ಹಾಕುವುದನ್ನು ಇವತ್ತೇ ನಿಲ್ಲಿಸಿ. ಯೂಟ್ಯೂಬ್ ನೋಡಿ ಹದಿನೈದು ಫಾರ್ಮ್ ಕಲಿತವರನ್ನು ಕಂಡಿದ್ದೇನೆ. ಹದಿನೈದರಲ್ಲೂ ಗೊಂಗ್‌ಬು ಒಂದೇ ತರಹ ಸೊಟ್ಟ. ಅವರು ಕಲಿತಿರುವುದು ಒಂದೇ ತಪ್ಪನ್ನು, ಹದಿನೈದು ಹೆಸರಿನಲ್ಲಿ.

ಶಾಂಘೈಯಲ್ಲಿ 1910ರಲ್ಲಿ ಶುರುವಾದ ಜಿಂಗ್‌ವು ಎಂಬ ಕುಂಗ್ ಫೂ ಸಂಸ್ಥೆಯನ್ನು ನೋಡಿ. ಅದಕ್ಕೆ ಮುಖವಾಗಿದ್ದ ಹುವೊ ಯುವಾನ್‌ಜಿಯಾ ಅದೇ ವರ್ಷ ತೀರಿಕೊಂಡರು. ಗುರುವೇ ಹೋದ ಮೇಲೂ ಸಂಸ್ಥೆ ಬೆಳೆಯಿತು, ಆಗ್ನೇಯ ಏಷ್ಯಾಕ್ಕೂ ಹರಡಿತು. ನನ್ನ ಪ್ರಕಾರ ಅದನ್ನು ಉಳಿಸಿದ್ದು ಸಿಲಬಸ್. ನಾನಾ ಶೈಲಿಯ ಮೇಷ್ಟ್ರುಗಳು ಅಲ್ಲಿದ್ದರು, ಆದರೂ ಎಲ್ಲ ವಿದ್ಯಾರ್ಥಿಗಳಿಗೂ ಹತ್ತು ಮೂಲ ಫಾರ್ಮ್‌ಗಳು ಸಮಾನ. ತಾನ್‌ತುಯಿ, ಗೊಂಗ್‌ಲಿಚುವಾನ್ ಇವೆಲ್ಲ ಆ ಪಟ್ಟಿಯವೇ. ಮೊದಲು ಅವು, ಆಮೇಲೆ ನಿಮ್ಮ ಇಷ್ಟದ ಶೈಲಿ. ಆ ಹತ್ತರಲ್ಲೂ ಕೆಲವು ಆಯುಧದವು, ಕೆಲವು ಜೋಡಿಯಾಗಿ ಮಾಡುವಂಥವು. ಹಾಗಾಗಿ ಒಬ್ಬ ಮನುಷ್ಯ ತನ್ನ ಎರಡು ಕೈ, ಎರಡು ಕಾಲಿನಿಂದ ಮಾಡುವ ಫಾರ್ಮ್ ನಿಜಕ್ಕೂ ಬೆರಳೆಣಿಕೆಯಷ್ಟೇ.

ನಿಮಗೆ ಸದ್ಯಕ್ಕೆ ಒಂದು ಸಾಕು. ಲಿಯನ್‌ಬುಚುವಾನ್ ಆದರೆ ಒಳ್ಳೆಯದು. ಆ ಹೆಸರಿನ ಅರ್ಥವೇ "ಜೋಡಿಸಿದ ಹೆಜ್ಜೆಗಳ ಮುಷ್ಟಿ". ಕಲಿಯಬೇಕಾದದ್ದನ್ನು ಹೆಸರಿನಲ್ಲೇ ಬರೆದು ಕೊಟ್ಟಿದ್ದಾರೆ, ಇನ್ನೇನು ಬೇಕು?

2. ಸ್ಟ್ಯಾನ್ಸ್ ಅಲ್ಲ, ಎರಡು ಸ್ಟ್ಯಾನ್ಸ್‌ಗಳ ನಡುವಿನದನ್ನು ಪ್ರಾಕ್ಟೀಸ್ ಮಾಡಿ.

ಇದೊಂದು ಸೂತ್ರ ಮೈಗೆ ಹತ್ತಿದರೆ ಉಳಿದವು ತಾವಾಗಿ ಬರುತ್ತವೆ. ಫೋಟೊದಲ್ಲಿ ಎಲ್ಲರೂ ಚೆನ್ನಾಗಿ ಕಾಣುತ್ತಾರೆ, ಯಾಕೆಂದರೆ ಫೋಟೊ ತೆಗೆಯುವುದು ನಿಂತಾಗ. ವಿಡಿಯೊದಲ್ಲಿ ಬಣ್ಣ ಬಯಲಾಗುತ್ತದೆ. ಗೊಂಗ್‌ಬುನಿಂದ ಎದ್ದು ನಿಂತು, ಒಂದು ಸಲ ಹೆಜ್ಜೆ ಹಾಕಿ, ಮತ್ತೆ ಕೂತು ಮಾಬು ಮಾಡುವವರೇ ಹೆಚ್ಚು. ಇದು ಮೇಲಕ್ಕೂ ಕೆಳಕ್ಕೂ ಆಡುವ ಏತ. ಎದ್ದಾಗ ನೆಲದ ಹಿಡಿತ ಹೋಯಿತು, ಎದುರಾಳಿಗೆ ಅರ್ಧ ಸೆಕೆಂಡ್ ಸಿಕ್ಕಿತು. ಕೂರುವ ಹೊತ್ತಿಗೆ ನಿಮ್ಮ ತೊಡೆಯ ಶಕ್ತಿಯೂ ಖರ್ಚಾಯಿತು.

ಹೀಗೆ ಮಾಡಿ. ಎರಡೂ ಮುಷ್ಟಿಯನ್ನು ಸೊಂಟಕ್ಕೆ ಕಟ್ಟಿ. ಕೈಯಿಂದ ಏನೂ ಮಾಡಬೇಡಿ. ಫಾರ್ಮ್ ಪೂರ್ತಿ ಬರೀ ಕಾಲಿನಲ್ಲಿ ನಡೆಯಿರಿ. ಮೊದಲ ದಿನವೇ ಗೊತ್ತಾಗುತ್ತದೆ: ನಿಮಗೆ ನೆನಪಿದ್ದದ್ದು ಕೈಯ ಫಾರ್ಮ್, ಕಾಲು ಅದರ ಹಿಂದೆ ಬಾಲದಂತೆ ಬರುತ್ತಿತ್ತು. ಬಹಳ ಜನ ನಾಲ್ಕನೇ ಹೆಜ್ಜೆಗೇ ಮರೆತು ನಿಲ್ಲುತ್ತಾರೆ. ನಾನೂ ನಿಂತಿದ್ದೆ. ನಾಚಿಕೆಯಾಯಿತು, ಆದರೆ ಅವತ್ತಿನಿಂದಲೇ ನನ್ನ ಎರಡನೇ ವರ್ಷ ಶುರುವಾಯಿತು.

ಇನ್ನು ತಲೆಯ ಎತ್ತರ. ಮಡಚಿದ ಟವೆಲ್ ಒಂದನ್ನು ನೆತ್ತಿಯ ಮೇಲಿಟ್ಟುಕೊಂಡು ಮಾಬುನಿಂದ ಗೊಂಗ್‌ಬುಗೆ, ಗೊಂಗ್‌ಬುನಿಂದ ಮಾಬುಗೆ ಹೋಗಿ ಬನ್ನಿ. ಟವೆಲ್ ಬೀಳಬಾರದು. ಮೊಬೈಲನ್ನು ಪಕ್ಕದಿಂದ ಇಟ್ಟು ರೆಕಾರ್ಡ್ ಮಾಡಿ, ಸ್ಕ್ರೀನ್ ಮೇಲೆ ತಲೆಯ ಮಟ್ಟಕ್ಕೆ ಬೆರಳಿಡಿ. ತಲೆ ಬೆರಳಿಗಿಂತ ಮೇಲೆ ಹೋದ ಜಾಗಗಳನ್ನು ಗುರುತು ಹಾಕಿಕೊಳ್ಳಿ. ಪುಬುಗೆ ಇಳಿಯುವಾಗ, ಒಂದು ಮೊಣಕಾಲು ಎತ್ತುವಾಗ ಎತ್ತರ ಬದಲಾಗಲೇಬೇಕು, ಅದು ಫಾರ್ಮೇ ಕೇಳಿದ್ದು. ಉಳಿದ ಕಡೆ ನೀವು ಎದ್ದಿದ್ದು ಸೋಮಾರಿತನದಿಂದ.

3. ಹಿಂಗಾಲಿನ ಹಿಮ್ಮಡಿಯನ್ನು ನೆಲಕ್ಕೆ ಹೊಲಿಯಿರಿ.

ಗೊಂಗ್‌ಬುನಲ್ಲಿ ಮುಂಗಾಲು ಬಾಗಿರುತ್ತದೆ, ಹಿಂಗಾಲು ನೆಟ್ಟಗಿರುತ್ತದೆ, ಎರಡೂ ಪಾದ ಪೂರ್ತಿ ನೆಲಕ್ಕೆ. ಹಿಂಗಾಲಿನ ಬೆರಳುಗಳು ಓರೆಯಾಗಿ ಮುಂದಕ್ಕೆ ನೋಡಬೇಕು. ಪಂಚ್ ಹೋಗುವಾಗ ಹಿಮ್ಮಡಿ ಮೇಲೆದ್ದರೆ ಪಂಚ್ ಬರೀ ಭುಜದ್ದು. ಹಿಮ್ಮಡಿ ನೆಲವನ್ನು ಒತ್ತಬೇಕು, ಮೊಣಕಾಲು ನೇರವಾಗಬೇಕು, ಸೊಂಟ ತಿರುಗಬೇಕು, ಭುಜ ಅದನ್ನು ಹಿಂಬಾಲಿಸಬೇಕು, ಮುಷ್ಟಿ ಕಟ್ಟಕಡೆಗೆ ತಲುಪಬೇಕು. ಸರದಿ ಹೀಗೆ. ಮುಷ್ಟಿ ಮೊದಲು ಹೊರಟರೆ ಎಂಜಿನ್ ಸ್ಟಾರ್ಟ್ ಆಗುವ ಮೊದಲೇ ಹಾರ್ನ್ ಹೊಡೆದಂತೆ.

ದಿನಕ್ಕೆ 50 ಸಲ ಮಾಬುನಿಂದ ಗೊಂಗ್‌ಬುಗೆ ತಿರುಗಿ. ಇದರಲ್ಲಿ ಹೆಜ್ಜೆ ಹಾಕುವುದಿಲ್ಲ, ಪಾದ ಇದ್ದಲ್ಲೇ ತಿರುಗುತ್ತದೆ. ಫುಟ್‌ವರ್ಕ್ ಎಂದರೆ ಊರೂರು ಸುತ್ತುವುದಲ್ಲ, ನಿಂತಲ್ಲೇ ದಿಕ್ಕು ಬದಲಿಸುವುದೂ ಫುಟ್‌ವರ್ಕೇ.

4. ಪ್ರತಿ ಹೆಜ್ಜೆಗೂ ಹೆಸರಿದೆ. ಹೆಸರು ಹಿಡಿದು ಕಲಿಯಿರಿ.

"ಅಲ್ಲಿ ಕಾಲನ್ನು ಹೀಗೆ ಇಟ್ಟು, ಆಮೇಲೆ ಹಾಗೆ" ಎಂದು ನೆನಪಿಟ್ಟುಕೊಂಡರೆ ಎರಡು ವಾರದಲ್ಲಿ ಮರೆಯುತ್ತೀರಿ. ಹೆಸರು ಗೊತ್ತಿದ್ದರೆ ತಪ್ಪನ್ನೂ ಹೆಸರಿಟ್ಟು ಹಿಡಿಯಬಹುದು. ಮುಖ್ಯವಾದವು ಇವಿಷ್ಟು.

ಹಿಂಗಾಲು ಮುಂದೆ ಬಂದರೆ ಶಾಂಗ್‌ಬು. ಮುಂಗಾಲು ಹಿಂದೆ ಹೋದರೆ ತುಯಿಬು. ಒಂದು ಕಾಲು ಇನ್ನೊಂದರ ಮುಂದಿನಿಂದ ಅಡ್ಡ ದಾಟಿದರೆ ಗಾಯ್‌ಬು, ಹಿಂದಿನಿಂದ ತೂರಿದರೆ ಚಾಬು. ಈ ಎರಡನ್ನು ಅದಲುಬದಲು ಮಾಡುವವರೇ ಕ್ಲಾಸಿನ ಅರ್ಧ ಜನ. ನೆನಪಿಗೊಂದು ದಾರಿ: ಗಾಯ್‌ಬುನಲ್ಲಿ ಹೊಟ್ಟೆಯ ಮುಂದೆ ಕತ್ತರಿ, ಚಾಬುನಲ್ಲಿ ಬೆನ್ನ ಹಿಂದೆ ಕತ್ತರಿ. ಚಾಬು ಹಾಕುವಾಗ ಹಿಂದೆ ಹೋದ ಪಾದದ ಮುಂಭಾಗವಷ್ಟೇ ನೆಲಕ್ಕೆ, ಹಿಮ್ಮಡಿ ಮೇಲೆ. ಅಲ್ಲಿಂದ ಹಾಗೇ ಕುಳಿತರೆ ಶಿಯೆಬು, ಹಾಗೇ ತಿರುಗಿದರೆ ಬೆನ್ನ ಹಿಂದಿದ್ದವನಿಗೆ ಮುಖ. ಒಂದು ಹೆಜ್ಜೆಗೆ ಎರಡು ದಾರಿ.

ಜಿಬು ಸ್ವಲ್ಪ ಷೋಕಿ. ಮುಂದಕ್ಕೆ ಚಿಮ್ಮಿ, ಗಾಳಿಯಲ್ಲೇ ಹಿಂಗಾಲು ಮುಂಗಾಲಿಗೆ ತಾಕಬೇಕು. ಒಂದೇ ಏಟಿಗೆ ದೂರ ಕ್ರಮಿಸುವ ಹೆಜ್ಜೆ ಇದು, ಮೇಲಕ್ಕೆ ನೆಗೆಯುವುದಲ್ಲ. ಹುಶಿಂಗ್‌ಬು ಬಿಲ್ಲಿನಾಕಾರದಲ್ಲಿ ನಡೆಯುವುದು: ಮೊಣಕಾಲು ಅರೆಬಾಗಿ, ಹಿಮ್ಮಡಿಯಿಂದ ಬೆರಳಿಗೆ ಪಾದ ಉರುಳಿಸುತ್ತ, ಸೊಂಟ ಅಲ್ಲಾಡದೆ. ನಮ್ಮ ಕರಾವಳಿಯವರಿಗೆ ಹೇಳಬೇಕಿಲ್ಲ, ಯಕ್ಷಗಾನದ ಹೆಜ್ಜೆಗಾರಿಕೆ ನೋಡಿ ಬೆಳೆದವರ ಕಣ್ಣಿಗೆ ಅಲ್ಲಾಡುವ ಸೊಂಟ ತಕ್ಷಣ ಬೀಳುತ್ತದೆ.

ಕಡೆಯದಾಗಿ ಗೆನ್‌ಬು. ಮುಂಗಾಲು ಮುಂದೆ, ಹಿಂಗಾಲು ಅದರ ಹಿಂದೆಯೇ ಅರ್ಧ ಹೆಜ್ಜೆ. ನೋಡಲು ಏನೇನೂ ಇಲ್ಲ. ಆದರೆ ಶಿಂಗ್‌ಯಿ ಶೈಲಿಯ ಗುವೊ ಯುನ್‌ಶೆನ್ ಎಂಬ 19ನೇ ಶತಮಾನದ ಗುರು ಹೆಸರಾದದ್ದು ಇದರಿಂದಲೇ. ಅರ್ಧ ಹೆಜ್ಜೆ, ಒಂದು ನೇರ ಪಂಚ್, ಇಷ್ಟರಲ್ಲೇ ಎದುರು ಬಂದವರನ್ನೆಲ್ಲ ಕೆಡವಿದರು ಅನ್ನುತ್ತವೆ ಕತೆಗಳು. ಕತೆಯಲ್ಲಿ ಉಪ್ಪುಖಾರ ಇದ್ದೇ ಇರುತ್ತದೆ. ಆದರೂ ಅವರನ್ನು ನೆನೆಯುವವರು ನೂರು ಪಟ್ಟು ಬಲ್ಲವರೆಂದು ನೆನೆಯುವುದಿಲ್ಲ, ಅರ್ಧ ಹೆಜ್ಜೆಯವರೆಂದೇ ನೆನೆಯುತ್ತಾರೆ.

5. ಜಾಗವಿಲ್ಲ ಎನ್ನಬೇಡಿ.

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಶಾವೊಲಿನ್‌ನವರು ಹೇಳುವ ಪ್ರಕಾರ ಮುಷ್ಟಿಯುದ್ಧಕ್ಕೆ ಒಂದು ಎತ್ತು ಮಲಗುವಷ್ಟು ಜಾಗ ಸಾಕು. ಅವರ ಫಾರ್ಮ್‌ಗಳು ಬಹುಮಟ್ಟಿಗೆ ಒಂದೇ ಗೆರೆಯ ಮೇಲೆ ಹೋಗಿ ಬರುತ್ತವೆ. ನಿಮ್ಮ ಬಾಡಿಗೆ ಮನೆಯ ಹಾಲ್‌ನಲ್ಲಿ ಎತ್ತು ಮಲಗುವುದಿಲ್ಲವೆ? ಸೋಫಾ ಸರಿಸಿ, ಮಲಗುತ್ತದೆ.

ನೆಲದ ಟೈಲ್ಸೇ ನಿಮ್ಮ ಗ್ರಾಫ್ ಪೇಪರ್. ಗೊಂಗ್‌ಬುನಲ್ಲಿ ಎರಡು ಪಾದ ಒಂದೇ ಗೆರೆಯ ಮೇಲೆ ಬಂದರೆ ಹಗ್ಗದ ಮೇಲೆ ನಿಂತಂತೆ, ಪಕ್ಕದಿಂದ ತಳ್ಳಿದರೆ ಬೀಳುತ್ತೀರಿ. ಗೆರೆಯ ಆಚೆಗೊಂದು, ಈಚೆಗೊಂದು ಪಾದ ಇಡಿ. ಮಾಬುಗೆ ನಿಮ್ಮದೇ ಪಾದದಿಂದ ಮೂರು ಪಾದದಷ್ಟು ಅಗಲ ಅಳೆಯಿರಿ. ಒಂದು ವಾರ ಅಳೆದು ಮಾಡಿದರೆ ಎಂಟನೇ ದಿನ ಕಾಲೇ ಅಳೆಯುತ್ತದೆ.

6. ಮೂರು ಜೋಡಿ ಚೆಕ್ ಮಾಡಿ.

ಕೈಗೆ ಕಾಲು, ಮೊಣಕೈಗೆ ಮೊಣಕಾಲು, ಭುಜಕ್ಕೆ ಸೊಂಟ. ಚೀನಾದ ಹಲವು ಶೈಲಿಗಳು ಒಪ್ಪುವ ಹೊರಗಿನ ಮೂರು ಹೊಂದಾಣಿಕೆಗಳು ಇವು. ಫಾರ್ಮ್‌ನ ಯಾವುದೇ ಹಂತದಲ್ಲಿ "ಸ್ಟಾಪ್" ಎಂದರೆ ನಿಂತು ಈ ಮೂರನ್ನು ನೋಡಿಕೊಳ್ಳಿ. ಪಾದ ನೆಲ ಮುಟ್ಟುವ ಕ್ಷಣವೂ ಮುಷ್ಟಿ ಗುರಿ ಮುಟ್ಟುವ ಕ್ಷಣವೂ ಒಂದೇ ಆಗಿರಬೇಕು. ಕಾಲು ಬಂದ ಮೇಲೆ ಕೈ ಬಂದರೆ ತೂಕ ಆಗಲೇ ನೆಲಕ್ಕೆ ಸೋರಿಹೋಗಿರುತ್ತದೆ.

ಕಿವಿಯಿಂದಲೂ ಪರೀಕ್ಷಿಸಬಹುದು. ಪಾದದ ಸದ್ದು, ತೋಳಿನ ಬಟ್ಟೆಯ ಸದ್ದು ಎರಡಾಗಿ ಕೇಳಿಸಿದರೆ ತಪ್ಪು. ಒಂದೇ ಸದ್ದಾಗುವವರೆಗೆ ಬಿಡಬೇಡಿ.

7. ಎಡಕ್ಕೂ ಮಾಡಿ.

ಬಹಳಷ್ಟು ಫಾರ್ಮ್‌ಗಳು ಬಲಗೈಯವರ ಪಕ್ಷಪಾತಿಗಳು. ಒಂದು ಕಡೆ ಮಾತ್ರ ಬೆಳೆದ ಸೊಂಟ ಒಂದು ಕಡೆಗೆ ಮಾತ್ರ ತಿರುಗುತ್ತದೆ. ತಾನ್‌ತುಯಿ ಮಾಡಿದವರು ಇದರಲ್ಲಿ ಅದೃಷ್ಟವಂತರು, ಅಲ್ಲಿ ಪ್ರತಿ ಸಾಲನ್ನೂ ಎಡ, ಬಲ ಎರಡೂ ಕಡೆ ಮಾಡಿಸುತ್ತಾರೆ. ಉಳಿದವರು ವಾರಕ್ಕೊಂದು ದಿನ ಫಾರ್ಮ್ ಪೂರ್ತಿ ಕನ್ನಡಿಯಂತೆ ತಿರುವಿ ಮಾಡಿ. ಮೊದಲ ದಿನ ತಲೆ ಬಿಸಿಯಾಗುತ್ತದೆ. ಆಗಲಿ.

8. ಮೂರು ವೇಗದಲ್ಲಿ ಮಾಡಿ. ನಿಧಾನದ್ದೇ ಕಷ್ಟ.

ಆಫೀಸಿಗೆ ಹೊರಡುವ ಮುನ್ನ 40 ನಿಮಿಷ ತೆಗೆದಿಡಿ. 10 ನಿಮಿಷ ವಾರ್ಮ್‌ಅಪ್, ಅದರಲ್ಲಿ ಪಾದದ ಗಂಟು, ಸೊಂಟದ ಕೀಲು ಕಡ್ಡಾಯ. 10 ನಿಮಿಷ ಬಿಡಿ ಹೆಜ್ಜೆಗಳು, ದಿನಕ್ಕೆ ಎರಡೇ ಬಗೆ. ಇವತ್ತು ಗಾಯ್‌ಬು-ಚಾಬು ಆದರೆ ನಾಳೆ ಗೆನ್‌ಬು-ತುಯಿಬು. ಉಳಿದ 20 ನಿಮಿಷ ಫಾರ್ಮ್‌ಗೆ: ಕೈ ಇಲ್ಲದೆ ಎರಡು ಸಲ, ಕೈ ಸೇರಿಸಿ ಬಲು ನಿಧಾನ ಎರಡು ಸಲ, ಮಧ್ಯಮ ವೇಗದಲ್ಲಿ ಎರಡು ಸಲ, ಪೂರ್ತಿ ವೇಗದಲ್ಲಿ ಒಂದೇ ಸಲ. ಇಷ್ಟೇ.

ಪೂರ್ತಿ ವೇಗ ಯಾಕೆ ಒಂದೇ ಸಲ? ವೇಗ ತಪ್ಪನ್ನು ಮುಚ್ಚುತ್ತದೆ. ಓಡುವ ಬೈಕ್ ಬೀಳುವುದಿಲ್ಲ, ನಿಂತ ಬೈಕ್ ಬೀಳುತ್ತದೆ. ನಿಧಾನವಾಗಿ ಮಾಡುವಾಗ ಎಲ್ಲಿ ವಾಲುತ್ತೀರೋ ಅಲ್ಲಿ ನಿಜಕ್ಕೂ ವಾಲುತ್ತಿದ್ದೀರಿ.

9. ಮೊಣಕಾಲಿನ ಜೊತೆ ಚೌಕಾಸಿ ಬೇಡ.

ತೊಡೆ ಉರಿದರೆ ಮುಂದುವರಿಸಿ, ಅದು ಕೆಲಸದ ಕೂಲಿ. ಕೀಲಿನೊಳಗೆ ಚುಚ್ಚಿದರೆ ಆ ಕ್ಷಣ ನಿಲ್ಲಿಸಿ, ಮೇಷ್ಟ್ರಿಗೆ ಹೇಳಿ; ಬಿಡದಿದ್ದರೆ ವೈದ್ಯರಿಗೆ ತೋರಿಸಿ. ಎರಡರ ವ್ಯತ್ಯಾಸ ತಿಳಿಯದವರು ಮೂರನೇ ವರ್ಷ ಕ್ಲಾಸಿನಲ್ಲಿರುವುದಿಲ್ಲ.

ಮೊಣಕಾಲು ಯಾವಾಗಲೂ ಪಾದದ ಬೆರಳು ತೋರಿಸುವ ದಿಕ್ಕಿನಲ್ಲೇ ಬಾಗಬೇಕು. ಮಾಬುನಲ್ಲಿ ಮೊಣಕಾಲು ಒಳಕ್ಕೆ ಕುಸಿಯುವುದು, ಪಾದ ನೆಲಕ್ಕಂಟಿಕೊಂಡಿರುವಾಗ ಸೊಂಟ ತಿರುಗಿಸುವುದು, ಈ ಎರಡರಿಂದಲೂ ಮೊಣಕಾಲಿಗೆ ಗಾಯವಾಗಬಹುದು. ತಿರುಗುವ ಮುನ್ನ ಪಾದದ ಭಾರ ಹಗುರ ಮಾಡಿ. ದಪ್ಪ ಸೋಲ್‌ನ ರನ್ನಿಂಗ್ ಶೂ ಬೇಡ, ಅದು ನೆಲ ಕಚ್ಚುತ್ತದೆ. ಕುಂಗ್ ಫೂನವರು ಫೆಯುಯೆ ತರಹದ ತೆಳು ಸೋಲ್‌ನ ಚಪ್ಪಟೆ ಶೂ ಹಾಕುವುದು ಸ್ಟೈಲಿಗಲ್ಲ, ಪಾದಕ್ಕೆ ನೆಲ ಗೊತ್ತಾಗಲಿ ಎಂದು. ಬರೀ ಕಾಂಕ್ರೀಟ್ ತಾರಸಿಯ ಮೇಲೆ ಜಿಬು, ನೆಗೆತ ಬೇಡ. ಮ್ಯಾಟ್ ಇಲ್ಲವೆ? ಪಾರ್ಕಿನ ಮಣ್ಣಿಗೆ ಹೋಗಿ.

10. ಬೇರೆಯವರಿಂದ ಕದಿಯಿರಿ. ಫಾರ್ಮ್ ಅಲ್ಲ, ಹೆಜ್ಜೆ.

ಬ್ರೂಸ್ ಲೀ ಹಾಂಗ್‌ಕಾಂಗ್‌ನಲ್ಲಿ ಇಪ್ ಮ್ಯಾನ್ ಬಳಿ ವಿಂಗ್ ಚುನ್ ಕಲಿತದ್ದು ಎಲ್ಲರಿಗೂ ಗೊತ್ತು. 1958ರಲ್ಲಿ ಅವರು ಹಾಂಗ್‌ಕಾಂಗ್‌ನ ಚಾ-ಚಾ ಡ್ಯಾನ್ಸ್ ಚಾಂಪಿಯನ್ ಆಗಿದ್ದು ಎಷ್ಟು ಜನರಿಗೆ ಗೊತ್ತು? ನೂರೆಂಟು ಚಾ-ಚಾ ಹೆಜ್ಜೆಗಳ ಪಟ್ಟಿಯನ್ನು ಬರೆದು ಜೊತೆಗಿಟ್ಟುಕೊಂಡಿದ್ದರಂತೆ. ಹೆಸರು ಹಿಡಿದು ಕಲಿಯಿರಿ ಎಂದು ನಾಲ್ಕನೇ ಸೂತ್ರದಲ್ಲಿ ಹೇಳಿದ್ದು ಇದನ್ನೇ. 1959ರಲ್ಲಿ ಅಮೆರಿಕಕ್ಕೆ ಹಡಗು ಹತ್ತುವ ಮುನ್ನ ಉತ್ತರದ ಶೈಲಿಯ ಒಬ್ಬ ಗುರುವಿನ ಜೊತೆ ಅವರು ಕೊಡುಕೊಳ್ಳುವ ವ್ಯವಹಾರ ಮಾಡಿಕೊಂಡರೆಂದು ಅವರ ಜೀವನದ ಕತೆ ಬರೆದವರು ಹೇಳುತ್ತಾರೆ: ನಾನು ನಿಮಗೆ ಚಾ-ಚಾ ಕಲಿಸುತ್ತೇನೆ, ನೀವು ನನಗೆ ಉತ್ತರದ ಫಾರ್ಮ್ ಕಲಿಸಿ. ಮುಂದೆ 1972ರ "ಫಿಸ್ಟ್ ಆಫ್ ಫ್ಯೂರಿ"ಯಲ್ಲಿ ಅವರು ಮಾಡಿದ ಪಾತ್ರ ಯಾರದು? ಜಿಂಗ್‌ವು ಶಾಲೆಯ ಶಿಷ್ಯನದು.

ಆದ್ದರಿಂದ ಸಂಕೋಚ ಬಿಡಿ. ವಿಂಗ್ ಚುನ್‌ನ ಗೆಳೆಯನಿದ್ದರೆ ಚುಮ್ ಕಿಯು ತೋರಿಸು ಎನ್ನಿ. ಅವರ ಮೊದಲ ಫಾರ್ಮ್ ಸಿಯು ನಿಮ್ ತಾವ್‌ನಲ್ಲಿ ಸ್ಟ್ಯಾನ್ಸ್ ಹಾಕಿ ನಿಂತ ಮೇಲೆ ಪಾದ ಕದಲುವುದೇ ಇಲ್ಲ. ಎರಡನೆಯದಾದ ಚುಮ್ ಕಿಯುನಲ್ಲೇ ತಿರುವು, ಹೆಜ್ಜೆ, ಒದೆತ ಶುರು. ಮೊದಲು ನಿಲ್ಲು, ಆಮೇಲೆ ನಡೆ ಎಂದು ದಕ್ಷಿಣ ಚೀನಾದ ಈ ಶೈಲಿಯವರೂ ಹೇಳಿದ್ದಾರೆ. ಬಾಗುವಾಜಾಂಗ್‌ನವರು ಸಿಕ್ಕರೆ ಅವರ ವೃತ್ತದ ನಡಿಗೆ ನೋಡಿ. ಬೆರಳು ಒಳಕ್ಕೆ ತಿರುಗಿಸಿ ಇಡುವ ಕೌಬು, ಹೊರಕ್ಕೆ ತಿರುಗಿಸಿ ಇಡುವ ಬಾಯ್‌ಬು, ಈ ಎರಡು ಸಾಕು. ನಿಮ್ಮ ತಿರುವುಗಳು ಅರ್ಧ ಸುಲಭವಾಗುತ್ತವೆ.

11. "ಆಗುತ್ತೋ ಇಲ್ಲವೋ" ಎಂಬುದನ್ನು ಅಂಕಿಗೆ ಇಳಿಸಿ.

ಸಂಶಯವೂ ಸೊಟ್ಟ ಗೊಂಗ್‌ಬು ತರಹದ್ದೇ. ಅಭ್ಯಾಸದಿಂದ ಬಂತು, ಅಭ್ಯಾಸದಿಂದ ಹೋಗುತ್ತದೆ. "ನನ್ನ ಬಾಡಿ ಫ್ಲೆಕ್ಸಿಬಲ್ ಅಲ್ಲ" ಎಂದು ಬರೆಯಬೇಡಿ. "ಪುಬುನಲ್ಲಿ ಬಲ ಹಿಮ್ಮಡಿ ಎರಡು ಬೆರಳು ಮೇಲೇಳುತ್ತಿದೆ" ಎಂದು ಬರೆಯಿರಿ. ಮೊದಲನೆಯದು ಹಣೆಬರಹ, ಎರಡನೆಯದು ರಿಪೇರಿ ಕೆಲಸ. "ವಯಸ್ಸಾಯಿತು" ಅಲ್ಲ, "ಮಾಬು 50 ಸೆಕೆಂಡ್ ಆಯಿತು, ಮುಂದಿನ ವಾರ 60." ಡೈರಿ ಇಡಿ. ದಿನಕ್ಕೆ ಒಂದು ಸಾಲು ಸಾಕು, ಆದರೆ ಅದರಲ್ಲೊಂದು ಅಂಕಿ ಇರಲೇಬೇಕು.

ಪ್ರತಿಭೆಯಿಲ್ಲ ಎಂಬ ಸಂಶಯವೆ? ಹೆನಾನ್ ಪ್ರಾಂತದ ಶಾವೊಲಿನ್ ದೇವಾಲಯ ಕಟ್ಟಿದ್ದು 495ರಲ್ಲಿ, ನಮ್ಮ ಕಡೆಯಿಂದ ಹೋದ ಬೌದ್ಧ ಭಿಕ್ಷುವೊಬ್ಬರಿಗಾಗಿ. ಅಲ್ಲಿನ ಸಾವಿರ ಬುದ್ಧರ ಮಂದಿರದ ನೆಲದಲ್ಲಿ 48 ಕುಳಿಗಳಿವೆ. ಸನ್ಯಾಸಿಗಳು ತಲೆಮಾರುಗಟ್ಟಲೆ ಅದೇ ಜಾಗದಲ್ಲಿ ಪಾದ ಅಪ್ಪಳಿಸಿ ಅಭ್ಯಾಸ ಮಾಡಿದ್ದರಿಂದ ಇಟ್ಟಿಗೆಯ ನೆಲ ಕುಸಿದಿದೆ ಎನ್ನುತ್ತಾರೆ. ಆ ಕುಳಿ ತೋಡಿದವರಲ್ಲಿ ಎಷ್ಟು ಜನ ಪ್ರತಿಭಾವಂತರಿದ್ದರೋ ಯಾರಿಗೂ ಬೇಕಿಲ್ಲ. ಎಲ್ಲರೂ ಮಾರನೇ ದಿನ ಬಂದು ಅದೇ ಇಟ್ಟಿಗೆಯ ಮೇಲೆ ನಿಂತರು.

12. ತಾರೀಖು ಹಾಕಿ, ಜನರೆದುರು ಮಾಡಿ.

ಅಂತರರಾಷ್ಟ್ರೀಯ ವುಶು ಸ್ಪರ್ಧೆಯ ಕಾರ್ಪೆಟ್ 14 ಮೀಟರ್ ಉದ್ದ, 8 ಮೀಟರ್ ಅಗಲ. ಚಾಂಗ್‌ಚುವಾನ್ ಸ್ಪರ್ಧಿ ಅದರ ಮೇಲೆ ಕನಿಷ್ಠ 1 ನಿಮಿಷ 20 ಸೆಕೆಂಡ್ ಉಸಿರು ಹಿಡಿದು ಆಡಬೇಕು. ನಿಮಗೆ ಇವತ್ತೇ ಅದು ಬೇಡ. ಕ್ಯಾಲೆಂಡರ್‌ನಲ್ಲಿ ಎಂಟನೇ ಭಾನುವಾರಕ್ಕೆ ಸುತ್ತು ಹಾಕಿ. ಅವತ್ತು ಕ್ಲಾಸಿನ ಹತ್ತು ಜನರ ಮುಂದೆ ಒಬ್ಬರೇ ಫಾರ್ಮ್ ಮಾಡುತ್ತೇನೆಂದು ಮೇಷ್ಟ್ರಿಗೆ ಈಗಲೇ ಹೇಳಿಬಿಡಿ. ಹೇಳಿದ ಮೇಲೆ ತಪ್ಪಿಸಿಕೊಳ್ಳಲು ಬರುವುದಿಲ್ಲ, ಹೇಳುವುದೇ ಅದಕ್ಕೆ.

ಆ ದಿನ ಎಡಗೈಯನ್ನು ಬಲಮುಷ್ಟಿಗೆ ಒತ್ತಿ ವಂದನೆ ಮಾಡಿ. ಶುರು ಮಾಡಿ. ಅಂದು ಕಾಲು ತೊಡರಿದ್ದ ಆ ಮೊದಲ ತಿರುವು ಬಂದಾಗ ಕೈಯ ಬಗ್ಗೆ ಯೋಚಿಸಬೇಡಿ. ಚಾಬು, ತಿರುವು, ಗೊಂಗ್‌ಬು, ಹಿಮ್ಮಡಿ ಕೆಳಗೆ. ಮುಗಿಸಿ ಮತ್ತೊಮ್ಮೆ ವಂದಿಸಿ, ಮೊಬೈಲ್ ಯಾರ ಕೈಯಲ್ಲಿತ್ತೋ ಅವರಿಂದ ಇಸಕೊಂಡು ವಿಡಿಯೊ ನೋಡಿ. ಮುಖ ನೋಡಬೇಡಿ. ಪಾದದಿಂದ ಶುರು ಮಾಡಿ.